ಕೆಂಪು ಕಂಡ ಮಾತ್ರಕ್ಕೆ ಕಾರ್ಟಿಲೇಜ್ ವಾಸಿಯಾಗಿದೆ ಎನ್ನಬೇಡಿ

ಮೊಲದ ಮಂಡಿಯ ಕಾರ್ಟಿಲೇಜಿನಲ್ಲಿ (ಮೂಳೆಯ ತುದಿಯನ್ನು ಮುಚ್ಚಿರುವ ಮೃದ್ವಸ್ಥಿ) ಸಣ್ಣ ಗುಳಿ ಕೊರೆದು, ಚಿಕಿತ್ಸೆ ಕೊಟ್ಟು, ಕೆಲವು ವಾರ ಬಿಟ್ಟು ನೋಡಿದರೆ ಗುಳಿ ತುಂಬಿರುತ್ತದೆ. ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಆದರೆ ಅಲ್ಲಿ ತುಂಬಿರುವುದು ಮೊದಲಿದ್ದಂಥ ಹಯಲಿನ್ ಕಾರ್ಟಿಲೇಜಾ, ಇಲ್ಲ ಬರೀ ನಾರಾ? ಸ್ಲೈಡ್ ನೋಡಿ ಅದನ್ನು ಹೇಳುವುದೇ ನನ್ನ ಕೆಲಸ.

ಅರ್ಧ ಕೆಲಸ ಮೈಕ್ರೋಸ್ಕೋಪಿಗೆ ಮೊದಲೇ ಮುಗಿದಿರುತ್ತದೆ. ಕೆಳಗಿನ ಮೂಳೆಯ ಕ್ಯಾಲ್ಸಿಯಂ ತೆಗೆಯದೆ ತೆಳ್ಳಗೆ ಕತ್ತರಿಸಲು ಆಗುವುದಿಲ್ಲ. ಆಸಿಡ್ ಹಾಕಿದರೆ ಬೇಗ ಆಗುತ್ತದೆ, ನಿಜ. ಆದರೆ ಅದರ ಜೊತೆ ಕಾರ್ಟಿಲೇಜಿನಲ್ಲಿ ನೀರು ಹಿಡಿದಿಡುವ ಪ್ರೋಟಿಯೋಗ್ಲೈಕಾನ್ ಕೂಡ ಕರಗಿ ಹೋಗಬಹುದು. ನಾವು ಹುಡುಕುವುದು ಅದನ್ನೇ ಅಲ್ವಾ? ಹಾಗಾಗಿ ವಾರಗಟ್ಟಲೆ ಕಾಯಬೇಕಾದರೂ ಕ್ಯಾಲ್ಸಿಯಂ ಅನ್ನು ನಿಧಾನವಾಗಿ ಹಿಡಿದು ತೆಗೆಯುವ ಇಡಿಟಿಎ ದ್ರಾವಣವನ್ನು ನಾನು ಬಿಡುವುದಿಲ್ಲ. ಆಮೇಲೆ ಗುಳಿಯ ನಟ್ಟನಡುವಿನಿಂದ ಸುಮಾರು 5 ಮೈಕ್ರಾನ್ ದಪ್ಪದ ಸೆಕ್ಷನ್ (ತೆಳು ಹೋಳು) ತೆಗೆಯುತ್ತೇನೆ. ಅಂಚಿನಲ್ಲಿ ಕತ್ತರಿಸಿದರೆ ಪಕ್ಕದ ಹಳೇ ಕಾರ್ಟಿಲೇಜೇ ಬಂದು, ಚೆನ್ನಾಗಿ ವಾಸಿಯಾದಂತೆ ಕಾಣುತ್ತದೆ.

ಸ್ಯಾಫ್ರನಿನ್-ಓ ಬಣ್ಣ ಪ್ರೋಟಿಯೋಗ್ಲೈಕಾನಿಗೆ ಅಂಟಿ ಕೆಂಪಾಗುತ್ತದೆ, ಹಿನ್ನೆಲೆಗೆ ಫಾಸ್ಟ್ ಗ್ರೀನ್. ಬಣ್ಣದ ನಂತರ ಆಲ್ಕೋಹಾಲಿನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಬಿಟ್ಟರೂ ಕೆಂಪು ಇಳಿದುಬಿಡುತ್ತದೆ. ಅದಕ್ಕೇ ಪ್ರತಿ ಬ್ಯಾಚಿನಲ್ಲೂ ಆರೋಗ್ಯವಾದ ಮಂಡಿಯ ಒಂದು ಸ್ಲೈಡ್ ಜೊತೆಗಿರಲೇಬೇಕು.

ನಡುಭಾಗ ಕಡುಗೆಂಪಾಗಿದ್ದರೆ ಎಲ್ಲರಿಗೂ ಖುಷಿ. ನಾನು ಮೊದಲು ನೋಡುವುದು ಅಂಚನ್ನು. ಹೊಸದು ಹಳೆಯದಕ್ಕೆ ಕೂಡಿಕೊಂಡಿದೆಯೇ? ಅಲ್ಲೊಂದು ಸೀಳು ಕಂಡರೆ ಅದು ಕತ್ತರಿಸುವಾಗ ಬಂದದ್ದೋ, ಮೊದಲೇ ಇದ್ದದ್ದೋ ಎಂದು ತಿಳಿಯಬೇಕು. ಕತ್ತರಿಸುವಾಗ ಬಂದ ಸೀಳಿನ ಎರಡೂ ದಡ ಚೂಪಾಗಿ, ಒಂದಕ್ಕೊಂದು ಹೊಂದುವಂತಿರುತ್ತವೆ. ಮೊದಲೇ ಇದ್ದದ್ದಾದರೆ ದಡ ದುಂಡಗಾಗಿರುತ್ತದೆ, ಹಳೇ ಬದಿಯ ಬಣ್ಣ ಪೇಲವವಾಗಿರುತ್ತದೆ, ಜೀವಕೋಶಗಳು ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿರುತ್ತವೆ. ಇಂಥ ಜಾಗ ಕಂಡರೆ ನಾನು ಗುಳಿಯ ಬೇರೆ ಬೇರೆ ಆಳದ ಉಳಿದ ಲೆವೆಲ್‌ಗಳ ಸೆಕ್ಷನ್ ತೆಗೆಸಿ ನೋಡದೆ ಮುಂದೆ ಹೋಗುವುದಿಲ್ಲ.

ಸ್ಯಾಫ್ರನಿನ್-ಓ ಕೆಂಪು ನಾರಿನ ಜೋಡಣೆ ಹೇಳುವುದಿಲ್ಲ. ಅದಕ್ಕೆ ನಾರಿಗೆ ಅಂಟುವ ಪಿಕ್ರೋಸಿರಿಯಸ್ ರೆಡ್ ಬಣ್ಣ ಹಾಕಿ ಪೋಲರೈಸ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕಿನಲ್ಲಿ ನೋಡುತ್ತೇನೆ. ಒಳ್ಳೆಯ ಕಾರ್ಟಿಲೇಜಿನಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಮೇಲ್ಪದರದಲ್ಲಿ ಅಡ್ಡಕ್ಕೆ ಮಲಗಿರುತ್ತವೆ, ಆಳದಲ್ಲಿ ನೆಟ್ಟಗೆ ನಿಂತಿರುತ್ತವೆ. ಟೈಪ್ 1, ಟೈಪ್ 2 ಕೊಲಾಜನ್ ಬೇರೆ ಮಾಡಲು ಒಂದೊಂದಕ್ಕೇ ಅಂಟುವ ಆಂಟಿಬಾಡಿ ಬೇಕೇ ಬೇಕು. ಟೈಪ್ 1 ತುಂಬಾ ಇದ್ದರೆ ಅದು ನಾರು ಕಾರ್ಟಿಲೇಜ್.

ಕೊನೆಗೆ ಅಂಕ. ಮ್ಯಾಂಕಿನ್ ಸ್ಕೋರ್ 1971ರದು, ಸಂಧಿವಾತದ ಸವೆತಕ್ಕೆ ಮಾಡಿದ್ದು. ದುರಸ್ತಿಗೆ ಅದನ್ನು ಬಳಸುವುದು ನನಗೆ ಒಪ್ಪಿಗೆಯಿಲ್ಲ. ನಾನು ಬಳಸುವುದು ದುರಸ್ತಿಗೆಂದೇ ಇರುವ ಒ'ಡ್ರಿಸ್ಕಾಲ್ ಸ್ಕೋರ್ ಮತ್ತು ಅಂತರರಾಷ್ಟ್ರೀಯ ಕಾರ್ಟಿಲೇಜ್ ದುರಸ್ತಿ ಸಂಘದ 2010ರ ಐಸಿಆರ್‌ಎಸ್-2. ಎರಡನೆಯದರಲ್ಲಿ 14 ಅಂಶಗಳಿಗೆ ಬೇರೆ ಬೇರೆಯಾಗಿ 0ರಿಂದ 100ರವರೆಗೆ ಗುರುತು ಹಾಕಬೇಕು. ಮ್ಯಾಂಕಿನ್‌ನಲ್ಲಿ ಅಂಕ ಹೆಚ್ಚಾದಷ್ಟೂ ಕೆಟ್ಟದ್ದು, ಒ'ಡ್ರಿಸ್ಕಾಲ್‌ನಲ್ಲಿ ಒಳ್ಳೆಯದು, ಕಲಿಯುವವರು ಇದನ್ನು ಮೊದಲು ನೆನಪಿಡಬೇಕು. ಯಾವುದಕ್ಕೆ ಚಿಕಿತ್ಸೆ ಕೊಟ್ಟಿದೆ ಎಂದು ಗೊತ್ತಾಗದಂತೆ ಸ್ಲೈಡಿನ ಮೇಲೆ ಕೋಡ್ ಮಾತ್ರ ಇರಬೇಕು. ಇಬ್ಬರು ಬೇರೆ ಬೇರೆಯಾಗಿ ನೋಡಬೇಕು. ಒಟ್ಟು ಮೊತ್ತವನ್ನಷ್ಟೇ ಕೊಟ್ಟರೆ ಅಂಚಿನ ಸೀಳು ಅದರೊಳಗೆ ಮುಚ್ಚಿಹೋಗುತ್ತದೆ. ಅದಕ್ಕೇ ಅಂಚಿನ ಅಂಕವನ್ನು ನಾನು ಪ್ರತ್ಯೇಕವಾಗಿ ಬರೆಯುತ್ತೇನೆ.

ಚಿಕಿತ್ಸೆ ಕೊಡದೆ ಬಿಟ್ಟ ಗುಳಿಯ ಸ್ಲೈಡ್‌ಗಳೂ ಅದೇ ರಾಶಿಯಲ್ಲಿ ಬೆರೆತಿರಬೇಕು. ಮೊಲದ ಗುಳಿ ಮೂಳೆಯವರೆಗೂ ಹೋಗಿದ್ದರೆ, ಏನೂ ಮಾಡದಿದ್ದರೂ ತಕ್ಕಮಟ್ಟಿಗೆ ತಾನೇ ತುಂಬಿಕೊಳ್ಳುತ್ತದೆ; ಅದನ್ನು ಚಿಕಿತ್ಸೆಯ ಫಲ ಎಂದುಕೊಳ್ಳಬಾರದು.