ಹಳೆಯ ಕ್ಯಾಂಪರ್ ವ್ಯಾನ್ ಕೊಳ್ಳುತ್ತೀರಾ? ಮಳೆ ದಿನ ಹೋಗಿ ನೋಡಿ

ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಊರು ಸುತ್ತುವ ಗಾಡಿ ಕ್ಯಾಂಪರ್ ವ್ಯಾನ್. ಸೆಕೆಂಡ್ ಹ್ಯಾಂಡ್ ವ್ಯಾನ್ ನೋಡಲು ಹೋಗುವುದಿದ್ದರೆ ಮಳೆ ಹಿಡಿದ ದಿನವೇ ಹೋಗಿ. ಬಿಸಿಲಲ್ಲಿ ಎಲ್ಲ ಗಾಡಿಯೂ ಚೆನ್ನಾಗಿಯೇ ಕಾಣುತ್ತದೆ. ನಮ್ಮ ಚಿಕ್ಕಮಗಳೂರಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀವು ಕೊಂಡ ಗಾಡಿ ಮಳೆಯಲ್ಲಿ ನೆನೆಯುತ್ತಲೇ ನಿಲ್ಲಬೇಕಾಗುತ್ತದೆ. ಇಂಜಿನ್ ಕೆಟ್ಟರೆ ಮೆಕ್ಯಾನಿಕ್ ಸಿಗುತ್ತಾರೆ. ಒಳಗೆ ನೀರಿಳಿದು ಮರದ ಕೆಲಸ ಕೊಳೆತರೆ ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಿಸಬೇಕು.

ಹೊರಡುವ ಮೊದಲು ಆರ್‌ಸಿ

ಆರ್‌ಸಿಯ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳಿ. ನಮ್ಮಲ್ಲಿ ಸಿಗುವ ಹಲವು ವ್ಯಾನ್‌ಗಳು ಟೆಂಪೋ ಟ್ರಾವೆಲರ್‌ನಂಥ ಗಾಡಿಗೆ ಹಾಸಿಗೆ, ಅಡುಗೆ ಕಟ್ಟೆ, ಟಾಯ್ಲೆಟ್ ಕೂರಿಸಿ ಮಾಡಿದವು. ವಾಹನದ ವರ್ಗ ಎಂಬಲ್ಲಿ ಕ್ಯಾಂಪರ್ ವ್ಯಾನ್ ಅಥವಾ ಮೋಟರ್ ಕ್ಯಾರವಾನ್ ಎಂದೇ ಇರಬೇಕು. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಮಾರುವವರು ‘ಆಮೇಲೆ ಆರ್‌ಟಿಒದಲ್ಲಿ ಮಾಡಿಸಿಕೊಳ್ಳಿ’ ಎಂದರೆ ಒಪ್ಪಬೇಡಿ. ಅಪಘಾತವಾದಾಗ ಇನ್ಶೂರೆನ್ಸ್ ಕೈಕೊಡಬಹುದು.

ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರ್ ಮಾಡಿಸಬೇಕು, ತೆರಿಗೆಯನ್ನೂ ಕಟ್ಟಬೇಕು. ಚಿಕ್ಕಮಗಳೂರಿನ ಕೆಎ 18 ಅಥವಾ ಹಾಸನದ ಕೆಎ 13 ಗಾಡಿಯ ಬೆಲೆಯ ಜೊತೆ ಹೋಲಿಸುವಾಗ ಈ ಖರ್ಚನ್ನೂ ಸೇರಿಸಿ. ಒಟ್ಟು ತೂಕ 7,500 ಕಿಲೋ ಒಳಗಿದ್ದರೆ ಕಾರಿನ ಲೈಸೆನ್ಸ್ ಸಾಕು.

ಮೂಗು, ಕೈ, ಟಾರ್ಚು

ಒಮ್ಮೆ ನಾನೂ ನಮ್ಮ ಭಾವನೂ ಹಾಸನದ ಹತ್ತಿರ ಒಂದು ವ್ಯಾನ್ ನೋಡಲು ಹೋಗಿದ್ದೆವು. ಒಳಗೆ ಹೊಸ ಪರದೆ, ಹೊಸ ಹಾಸಿಗೆ, ಘಮ್ಮೆನ್ನುವ ಸ್ಪ್ರೇ. ನನಗೆ ತುಂಬಾ ಹಿಡಿಸಿತು. ಭಾವ ಮಾತಾಡದೆ ಹಾಸಿಗೆ ಸರಿಸಿ, ಕೆಳಗಿನ ಹಲಗೆ ಎತ್ತಿ, ಮೂಲೆಯ ಪ್ಲೈವುಡ್ಡನ್ನು ಹೆಬ್ಬೆರಳಲ್ಲಿ ಒತ್ತಿದರು. ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಬೆರಳು ಒಳಗಿಳಿಯಿತು. ಅಂದಿನಿಂದ ನಾನು ನೋಡುವ ಕ್ರಮವೇ ಬದಲಾಯಿತು.

ಮೊದಲು ಬಾಗಿಲು ಕಿಟಕಿ ಎಲ್ಲ ಮುಚ್ಚಿಸಿ. ಹತ್ತು ನಿಮಿಷ ಬಿಟ್ಟು ಒಳಗೆ ಹೋಗಿ. ಮುಗ್ಗಲು ವಾಸನೆ ಬಂದರೆ ಎಲ್ಲೋ ನೀರು ಇಳಿದಿದೆ ಎಂದರ್ಥ. ಸ್ಪ್ರೇ ಘಾಟು ಜಾಸ್ತಿ ಇದ್ದರೂ ಅನುಮಾನಪಡಿ. ಆಮೇಲೆ ಚಾವಣಿಯಲ್ಲಿ ತೂತು ಕೊರೆದಿರುವ ಕಡೆಯೆಲ್ಲ ನೋಡಿ. ಏಸಿ, ಫ್ಯಾನು, ಸೋಲಾರ್ ವೈರು ಒಳಗಿಳಿಯುವ ಜಾಗಗಳು ಅವು. ನೀರು ಹೆಚ್ಚಾಗಿ ಅಲ್ಲೇ ಇಳಿಯುವುದು. ಏಣಿ ಹಾಕಿ ಮೇಲೆ ಹತ್ತಿ, ಸಂದಿಗೆ ಹಚ್ಚಿದ ಸೀಲೆಂಟ್ ಅಂಟು ಬಿರಿದಿದೆಯಾ ನೋಡಿ. ಕಿಟಕಿಯ ರಬ್ಬರ್ ಕೆಳಗೆ, ಕಪಾಟಿನ ಹಿಂದೆ, ಟಾಯ್ಲೆಟ್ ಪಕ್ಕದ ನೆಲದಲ್ಲಿ ಕೈಯಾಡಿಸಿ. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಇದ್ದಕ್ಕಿದ್ದಂತೆ ಮಂಕಾದ ಕಡೆ ನಿಲ್ಲಿ. ಮಳೆ ಇಲ್ಲದಿದ್ದರೆ ಪೈಪ್ ಹಿಡಿದು ಅರ್ಧ ಗಂಟೆ ನೀರು ಹಾಯಿಸಲು ಕೇಳಿ. ಒಳ್ಳೆಯ ಗಾಡಿಯ ಯಜಮಾನರು ಬೇಡ ಅನ್ನುವುದಿಲ್ಲ.

ನಿಂತೇ ಹಾಳಾಗುವ ಭಾಗಗಳು

ಇಂಥ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಹಾಗಾಗಿ ಕಿಲೋಮೀಟರ್ ಕಡಿಮೆ ಇದೆ ಎಂದು ಸುಮ್ನೆ ಹಿಗ್ಗಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2318 ಎಂದಿದ್ದರೆ ಅದು 2018ರ 23ನೇ ವಾರದ ಟೈರು. ಹಲ್ಲು ಹೊಸದರಂತೆ ಇದ್ದರೂ ರಬ್ಬರಿಗೆ ವಯಸ್ಸಾಗಿರುತ್ತದೆ. ಗಾಡಿಯ ಕೆಳಗೆ ಮಲಗಿ ಚಾಸಿ ನೋಡಿ. ಮೇಲ್ಮೇಲಿನ ತುಕ್ಕು ಪರವಾಗಿಲ್ಲ. ಸ್ಕ್ರೂಡ್ರೈವರ್ ತಾಗಿಸಿದರೆ ಪದರ ಕಿತ್ತು ಬರುವಂತಿದ್ದರೆ ಬೇಡ.

ಒಳಗಿನ ಲೈಟಿಗೆ, ಫ್ರಿಜ್‌ಗೆ ಪ್ರತ್ಯೇಕ ಬ್ಯಾಟರಿ ಇರುತ್ತದೆ. ಹೊರಗಿನ ಕರೆಂಟ್ ತೆಗೆದು ಎರಡು ಮೂರು ಗಂಟೆ ಫ್ರಿಜ್ ಓಡಿಸಿದರೆ ಅದರ ಬಂಡವಾಳ ಗೊತ್ತಾಗುತ್ತದೆ. ಗ್ಯಾಸ್ ಪೈಪಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲಕ್ಕೇ ಇಳಿಯುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಗೆ ತೆರೆದ ಕಿಂಡಿ ಇರಲೇಬೇಕು. ಮಕ್ಕಳು ಮಲಗುವ ಜಾಗ ಅಲ್ವಾ, ಇದರಲ್ಲಿ ರಾಜಿ ಬೇಡ.

ಘಾಟಿ ಹತ್ತಿಸಿ

ಬೈಪಾಸ್‌ನಲ್ಲಿ ಎರಡು ಕಿಲೋಮೀಟರ್ ಓಡಿಸಿದರೆ ಏನೂ ತಿಳಿಯುವುದಿಲ್ಲ. ನೀರಿನ ಟ್ಯಾಂಕ್ ತುಂಬಿಸಿ. ನೂರು ಲೀಟರ್ ಅಂದರೆ ನೂರು ಕಿಲೋ. ಮನೆಯವರನ್ನೆಲ್ಲ ಕೂರಿಸಿ, ದಾರಿಯಲ್ಲಿ ವೇ ಬ್ರಿಡ್ಜ್‌ನಲ್ಲಿ ತೂಗಿಸಿ, ಆರ್‌ಸಿಯಲ್ಲಿರುವ ಒಟ್ಟು ತೂಕದ ಜೊತೆ ಹೋಲಿಸಿ. ಆಮೇಲೆ ಚಿಕ್ಕಮಗಳೂರಿನವರು ಕೈಮರದ ಕಡೆಯ ಏರು ಹತ್ತಿಸಿ. ಹಾಸನದವರು ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಹತ್ತಬಹುದು. ಹತ್ತುವಾಗ ಕಣ್ಣು ಟೆಂಪರೇಚರ್ ಮುಳ್ಳಿನ ಮೇಲಿರಲಿ. ಇಳಿಯುವಾಗ ಬ್ರೇಕಿನ ಸುಟ್ಟ ವಾಸನೆ ಬರಬಾರದು.

ಕೊಳ್ಳಬೇಕಾ, ಬೇಡವಾ?

ವರ್ಷಕ್ಕೆ ಎಷ್ಟು ರಾತ್ರಿ ಅದರಲ್ಲಿ ಮಲಗುತ್ತೀರಿ ಎಂದು ಮನೆಯವರೆಲ್ಲ ಕೂತು ಎಣಿಸಿ. ಇಪ್ಪತ್ತು ಎಂದಾದರೆ ಉಳಿದ 345 ದಿನ ಅದಕ್ಕೆ ಸೂರು ಬೇಕು. ಶೆಡ್ ಇಲ್ಲದವರಿಗೆ, ನನ್ನ ಪ್ರಕಾರ, ಬಾಡಿಗೆ ವ್ಯಾನೇ ಒಳ್ಳೆಯದು. ಶೆಡ್ ಇದ್ದವರೂ ಮೊದಲು ಎರಡು ರಾತ್ರಿ ಬಾಡಿಗೆಗೆ ತಂದು ಮಲಗಿ ನೋಡಿ.

ಪ್ಲೈವುಡ್ ಕೊಳೆತಿದ್ದರೆ ಬೆಲೆ ಎಷ್ಟೇ ಇಳಿಸಿದರೂ ವಾಪಸ್ ಬನ್ನಿ. ಟೈರು, ಬ್ಯಾಟರಿಯಂಥ ಖರ್ಚುಗಳನ್ನು ಚೀಟಿಯಲ್ಲಿ ಬರೆದು ಬೆಲೆಯಿಂದ ಕಳೆಯಿರಿ. ಮಾತು ಮುಗಿದರೆ ಫಾರಂ 29, 30ಕ್ಕೆ ಸಹಿ ಹಾಕಿಸಿ, 30 ದಿನದೊಳಗೆ ಹೆಸರು ಬದಲಾವಣೆಗೆ ಕೊಡಿ. ಗಾಡಿ ಮೇಲೆ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿದೆ ಎಂಬ ಫಾರಂ 35 ಕೈಗೆ ಬಂದ ಮೇಲೆಯೇ ಮಾರುವವರಿಗೆ ಬಾಕಿ ಹಣ ಕೊಡಿ.