ಐದು ಊರಲ್ಲಿ ಹಂಚಿಟ್ಟ ತೊಟ್ಟಿಮನೆ

ಓಪನ್‌ಸಿಮ್ಯುಲೇಟರ್ (ಚಿಕ್ಕದಾಗಿ ಓಪನ್‌ಸಿಮ್) ಅಂದರೆ ಕಂಪ್ಯೂಟರ್ ಒಳಗೆ ಓಡಾಡುವಂಥ 3ಡಿ ಲೋಕ ಕಟ್ಟುವ ತಂತ್ರಾಂಶ. ಅದರಲ್ಲಿ ಊರು ಕಟ್ಟುವವರಿಗೆ ಇದನ್ನು ಬರೆಯುತ್ತಿದ್ದೇನೆ. ಗೋಡೆ, ಕಂಬ, ಹೆಂಚು ಎಲ್ಲ ನೀವೇ ಮಾಡಿರಬಹುದು. ಆದರೆ ಅವು ಕೂತಿರುವುದು ಬೇರೆ ಯಾರದೋ ಸರ್ವರ್‌ನಲ್ಲಿ, ಅಲ್ವಾ? ಅವರು ಬಾಗಿಲು ಹಾಕಿದ ದಿನ ನಿಮ್ಮ ಮನೆಯೂ ಹೋಯಿತು. ನಮ್ಮ ಗುಂಪು ಮೊದಲು ಇದ್ದ ಗ್ರಿಡ್ (ಇಂಥ ಊರುಗಳನ್ನು ಒಟ್ಟಿಗೆ ನಡೆಸುವ ಸರ್ವರ್‌ಗಳ ಜಾಲ) ಹಾಗೇ ಮುಚ್ಚಿತು. ಮಲೆನಾಡಿನ ಒಂದು ತೊಟ್ಟಿಮನೆ, ಅದರ ಜಗಲಿ, ಮುಂದಿನ ಕಾಫಿ ಕಣ, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು, ಎಲ್ಲ ಮತ್ತೆ ಮಾಡಬೇಕಾಯಿತು. ಈಗ ಅವೆಲ್ಲ ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಐದು ಊರಲ್ಲಿ ಪಾಲುಪಾಲಾಗಿ, ಬೀಗ ಹಾಕಿಕೊಂಡು ಕೂತಿವೆ. ಇದಕ್ಕೆ ಬಳಸಿದ್ದು ತಾಹೋ-ಎಲ್‌ಎಎಫ್‌ಎಸ್ (Tahoe-LAFS) ಎಂಬ ಓಪನ್ ಸೋರ್ಸ್ ತಂತ್ರಾಂಶ. ಪೈಥಾನ್‌ನಲ್ಲಿ ಬರೆದದ್ದು, ದುಡ್ಡು ಕೊಡಬೇಕಿಲ್ಲ.

ಅದು ಮಾಡುವ ಕೆಲಸ ಇಷ್ಟು. ಫೈಲು ನಿಮ್ಮ ಕಂಪ್ಯೂಟರ್ ಬಿಡುವ ಮುಂಚೆಯೇ ಅದನ್ನು ಎನ್‌ಕ್ರಿಪ್ಟ್ ಮಾಡುತ್ತದೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಬೀಗ ಹಾಕುತ್ತದೆ. ಆಮೇಲೆ ಪಾಲು ಮಾಡಿ ಬೇರೆ ಬೇರೆ ಮೆಷಿನ್‌ಗಳಿಗೆ ಕಳಿಸುತ್ತದೆ. ಎಲ್ಲ ಪಾಲೂ ಸಿಗದಿದ್ದರೂ ಫೈಲು ವಾಪಸ್ ಬರುತ್ತದೆ. ಎಷ್ಟು ಪಾಲು ಸಿಕ್ಕರೆ ಸಾಕು ಅನ್ನುವುದನ್ನು ನೀವೇ ಹೇಳುತ್ತೀರಿ. ಪಾಲು ಇಟ್ಟುಕೊಂಡವರಿಗೆ ಒಳಗೇನಿದೆ ಅಂತ ಗೊತ್ತಾಗುವುದಿಲ್ಲ. ಐದೂ ಜನ ಸೇರಿ ಕೂತರೂ ಕೀಲಿ ಇಲ್ಲದೆ ಓದಲಾರರು. ಫೈಲು ಹಂಚಿಕೊಳ್ಳುವ ಇನ್ನೊಂದು ವ್ಯವಸ್ಥೆ ಐಪಿಎಫ್‌ಎಸ್ ಯಾಕೆ ಬೇಡ ಅಂತ ಕೆಲವರು ಕೇಳುತ್ತಾರೆ. ಅದು ತಾನಾಗಿ ಎನ್‌ಕ್ರಿಪ್ಟ್ ಮಾಡುವುದಿಲ್ಲ, ಯಾರಾದರೂ ಪಿನ್ ಮಾಡಿ ಹಿಡಿದುಕೊಳ್ಳದಿದ್ದರೆ ಫೈಲು ಉಳಿಯುವ ಖಾತ್ರಿಯೂ ಇಲ್ಲ. ನಮ್ಮ ಕೆಲಸಕ್ಕೆ ಅದು ಹೊಂದುವುದಿಲ್ಲ.

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ಓಡುತ್ತಿರುವ ಗ್ರಿಡ್‌ನಲ್ಲಿ ಚಿತ್ರ, ಸದ್ದು ಮುಂತಾದ ಸಾಮಾನು (ಆಸೆಟ್) ಕೊಡುವ ಆಸೆಟ್ ಸರ್ವರ್ ಜಾಗದಲ್ಲಿ ತಾಹೋವನ್ನು ಕೂರಿಸಬೇಡಿ. ಒಂದೊಂದು ಫೈಲಿಗೂ ಹಲವು ಮೆಷಿನ್‌ಗಳ ಜೊತೆ ಮಾತಾಡಬೇಕು, ನಿಧಾನ ಆಗುತ್ತದೆ. ಒಳಗೆ ಬಂದವರು ಚಿತ್ರ ಬರುವವರೆಗೆ ಬೂದು ಬಣ್ಣದ ಗೋಡೆ ನೋಡಿಕೊಂಡು ನಿಲ್ಲಬೇಕಾಗುತ್ತದೆ. ಇದು ಕಣಜ, ಅಡುಗೆಮನೆ ಡಬ್ಬಿ ಅಲ್ಲ.

ಮೆಷಿನ್ ಎಲ್ಲಿಡಬೇಕು

ಜನ ಇದನ್ನೇ ಕಡೆಗಣಿಸುತ್ತಾರೆ. ಯಾರ ಹತ್ತಿರ ದೊಡ್ಡ ಡಿಸ್ಕ್ ಇದೆ ಅಂತ ನೋಡುತ್ತಾರೆ. ನೋಡಬೇಕಾದದ್ದು ಯಾರ ಮನೆಯಲ್ಲಿ ಯಾವಾಗ ಕರೆಂಟ್ ಹೋಗುತ್ತದೆ ಅಂತ.

ನಮ್ಮ ಐದು ಮೆಷಿನ್ ಹೀಗಿವೆ: ಚಿಕ್ಕಮಗಳೂರಿನ ಐ.ಜಿ. ರಸ್ತೆ ಹತ್ತಿರದ ನನ್ನ ಡಿಟಿಪಿ ಅಂಗಡಿ, ಮೂಡಿಗೆರೆಯಲ್ಲಿ ಭಾವನ ತೋಟದ ಮನೆ, ಸಕಲೇಶಪುರದಲ್ಲಿ ಒಬ್ಬ ಗೆಳೆಯನ ಮನೆ, ಆಮೇಲೆ ಬಯಲುಸೀಮೆ ಕಡೆಗೆ ಕಡೂರು ಮತ್ತು ಅರಸೀಕೆರೆ. ಜುಲೈನಲ್ಲಿ ಗಾಳಿಮಳೆ ಹಿಡಿದರೆ ಮರ ಬಿದ್ದು ಲೈನ್ ಹೋಗುವುದು ಮೂಡಿಗೆರೆ, ಸಕಲೇಶಪುರ ಕಡೆ. ನಮ್ಮ ಪೇಟೆಯೂ ಒಮ್ಮೊಮ್ಮೆ ಜೊತೆಗೆ ಹೋಗುತ್ತದೆ. ಆಗಲೂ ಕಡೂರು, ಅರಸೀಕೆರೆ ಸಾಮಾನ್ಯವಾಗಿ ಉರಿಯುತ್ತಿರುತ್ತವೆ. ಹಾಗಾಗಿ ಆ ಎರಡರಿಂದಲೇ ಪೂರ್ತಿ ಫೈಲು ವಾಪಸ್ ಬರಬೇಕು ಅಂತ ಲೆಕ್ಕ ಹಾಕಿದೆವು. ಐದು ಪಾಲು ಮಾಡು, ಯಾವ ಎರಡು ಸಿಕ್ಕರೂ ಸಾಕು.

ಇದಕ್ಕೆ ತೆರಬೇಕಾದ ಬೆಲೆ ಜಾಗ. ಐದನ್ನು ಎರಡರಿಂದ ಭಾಗಿಸಿದರೆ ಎರಡೂವರೆ. 4 ಜಿಬಿ ಇಟ್ಟರೆ ಒಟ್ಟು 10 ಜಿಬಿ ಆಗುತ್ತದೆ, ಒಬ್ಬೊಬ್ಬರ ಡಿಸ್ಕ್‌ನಲ್ಲಿ ಸುಮಾರು 2 ಜಿಬಿ. ಹಳೇ ಲ್ಯಾಪ್‌ಟಾಪ್‌ಗೂ ಇದು ಭಾರ ಅಲ್ಲ.

ಅರಸೀಕೆರೆಯ ಮೆಷಿನ್ ನಮ್ಮ ಅತ್ತೆ ಮನೆಯ ಬೀರು ಮೇಲಿದೆ. ಒಂದು ರಾಸ್ಪ್‌ಬೆರಿ ಪೈ, ಒಂದು ಎಸ್‌ಎಸ್‌ಡಿ. "ಏನಪ್ಪಾ ಇದು, ರಾತ್ರಿಯೆಲ್ಲಾ ಕೆಂಪು ಲೈಟ್ ಉರೀತಾನೇ ಇರುತ್ತೆ, ಆರಿಸ್ಲಾ?" ಅಂತ ಫೋನ್ ಬಂತು. "ಬೇಡ ಅತ್ತೆ, ಅದು ಹಾಗೇ ಇರ್ಲಿ" ಅಂದೆ. ಮುಂದಿನ ಸಲ ಹೋದಾಗ ಸ್ವಿಚ್ ಮೇಲೆ "ಆರಿಸಬೇಡಿ" ಅಂತ ಚೀಟಿ ಅಂಟಿಸಿ ಬಂದೆ. ನೀವೂ ಅಂಟಿಸಿ. ಪೈ ಆದರೆ ಕರೆಂಟ್ ಬಂದ ತಕ್ಷಣ ತಾನೇ ಎದ್ದುಕೊಳ್ಳುತ್ತದೆ. ಹಳೇ ಡೆಸ್ಕ್‌ಟಾಪ್ ಆದರೆ ಬಯೋಸ್‌ಗೆ ಹೋಗಿ, ಕರೆಂಟ್ ಬಂದಾಗ ಆನ್ ಆಗಬೇಕು ಅನ್ನುವ ಸೆಟ್ಟಿಂಗ್ ಹಾಕಿ. ತಾಹೋವನ್ನು ಸಿಸ್ಟಮ್‌ಡಿ ಸರ್ವಿಸ್ ಮಾಡಿ, ಆಗ ಮೆಷಿನ್ ಎದ್ದಾಗ ಅದೂ ತಾನೇ ಶುರುವಾಗುತ್ತದೆ. ಸಿಡಿಲು ಬಂದಾಗ ಭಾವ ಪ್ಲಗ್ ಕಿತ್ತಿಟ್ಟರೆ ಬೇಜಾರು ಮಾಡಿಕೊಳ್ಳಬೇಡಿ, ಅದಕ್ಕೇ ತಾನೇ ಐದು ಊರು.

ಕೂರಿಸುವುದು

ಇಲ್ಲಿ ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಮಾಡಿ, ಅಡ್ಡಗೆರೆ ಇದ್ದಲ್ಲಿ ಅಡ್ಡಗೆರೆ.

ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡು "ಪಿಪ್ ಇನ್‌ಸ್ಟಾಲ್ ತಾಹೋ-ಎಲ್‌ಎಎಫ್‌ಎಸ್" ಕೊಡಿ. ಆಮೇಲೆ ಮೂರು ಥರದ ನೋಡ್ (ಓಡುವ ತಾಹೋ ಪ್ರತಿ) ಬೇಕು. ಒಂದು ಪರಿಚಯ ಮಾಡಿಸುವ ಇಂಟ್ರೊಡ್ಯೂಸರ್. ಎರಡನೆಯದು ಪಾಲು ಇಟ್ಟುಕೊಳ್ಳುವ ಸ್ಟೋರೇಜ್ ನೋಡ್. ಮೂರನೆಯದು ನೀವು ಕೂತು ಕೆಲಸ ಮಾಡುವ ಕ್ಲೈಂಟ್. ಇವನ್ನು ಮಾಡಲು ಕ್ರಮವಾಗಿ "ತಾಹೋ ಕ್ರಿಯೇಟ್-ಇಂಟ್ರೊಡ್ಯೂಸರ್", "ತಾಹೋ ಕ್ರಿಯೇಟ್-ನೋಡ್", "ತಾಹೋ ಕ್ರಿಯೇಟ್-ಕ್ಲೈಂಟ್". ಶುರು ಮಾಡಲು "ತಾಹೋ ರನ್". ಇಂಟ್ರೊಡ್ಯೂಸರ್ ಒಂದು ಉದ್ದನೆಯ ವಿಳಾಸ ಕೊಡುತ್ತದೆ, ಅದಕ್ಕೆ ಫರ್ಲ್ ಅನ್ನುತ್ತಾರೆ. ಅದನ್ನು ಉಳಿದ ಎಲ್ಲ ನೋಡ್‌ಗಳಿಗೂ ಕೊಟ್ಟರೆ ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಾರೆ. ನಿಮ್ಮ ಫೈಲುಗಳು ಇಂಟ್ರೊಡ್ಯೂಸರ್ ಮೂಲಕ ಹೋಗುವುದೇ ಇಲ್ಲ.

ಇಲ್ಲಿ ತಲೆನೋವು ಮನೆಯ ಬ್ರಾಡ್‌ಬ್ಯಾಂಡ್. ಹೆಚ್ಚಿನ ಮನೆಗಳಿಗೆ ಸ್ವಂತ ಐಪಿ ವಿಳಾಸ ಇರುವುದಿಲ್ಲ, ಹೊರಗಿನಿಂದ ಒಳಗೆ ಬರಲು ದಾರಿಯೇ ಇಲ್ಲ. ನಾವು ಇಂಟರ್ನೆಟ್‌ನಲ್ಲಿ ಒಂದು ಚಿಕ್ಕ ಸರ್ವರ್ (ವಿಪಿಎಸ್) ಬಾಡಿಗೆಗೆ ತಗೊಂಡು, ಅದರಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಹಾಕಿ ಐದೂ ಮೆಷಿನ್ ಒಂದೇ ಖಾಸಗಿ ನೆಟ್‌ವರ್ಕ್‌ಗೆ ಸೇರಿಸಿದೆವು. ಇಂಟ್ರೊಡ್ಯೂಸರ್ ಕೂಡ ಅಲ್ಲೇ. ಬಾಡಿಗೆ ಬೇಡ ಅನ್ನುವವರು ತಾಹೋವನ್ನು ವಿಳಾಸ ಮರೆಮಾಡುವ ಟಾರ್ (Tor) ಜಾಲದ ಮೇಲೆ ಓಡಿಸಬಹುದು, ಅದಕ್ಕೆ ಒಳಗೇ ಅನುಕೂಲ ಇದೆ. ಆದರೆ ಇನ್ನೂ ನಿಧಾನ.

ಈಗ ಕ್ಲೈಂಟ್‌ನ "ತಾಹೋ.ಸಿಎಫ್‌ಜಿ" ಫೈಲು ತೆಗೆಯಿರಿ. ಮೂರು ಅಂಕಿ ಮುಖ್ಯ: "ಶೇರ್ಸ್.ನೀಡೆಡ್" (ವಾಪಸ್ ತರಲು ಬೇಕಾದ ಪಾಲು), "ಶೇರ್ಸ್.ಹ್ಯಾಪಿ" (ಅಪ್‌ಲೋಡ್ ಆಗಲು ಪಾಲು ತಲುಪಬೇಕಾದ ಮೆಷಿನ್), "ಶೇರ್ಸ್.ಟೋಟಲ್" (ಒಟ್ಟು ಪಾಲು). ತಾನಾಗಿ ಇರುವುದು 3, 7, 10. ಐದೇ ಮೆಷಿನ್ ಇಟ್ಟುಕೊಂಡು ಇದನ್ನು ಬದಲಿಸದಿದ್ದರೆ ಒಂದು ಫೈಲೂ ಮೇಲೆ ಹೋಗುವುದಿಲ್ಲ, ಏಕೆಂದರೆ ಹ್ಯಾಪಿ 7 ಅಂದರೆ ಕನಿಷ್ಠ ಏಳು ಬೇರೆ ಬೇರೆ ಮೆಷಿನ್‌ಗೆ ಪಾಲು ತಲುಪಬೇಕು ಅಂತ. ನಾವು ಹಾಕಿದ್ದು 2, 4, 5. ಮಳೆಗಾಲದಲ್ಲಿ ಎರಡು ಮೆಷಿನ್ ಮಲಗಿದ್ದರೆ ಅಪ್‌ಲೋಡ್ ಹಠ ಹಿಡಿಯುತ್ತದೆ. ಇಳಿಸಿಕೊಳ್ಳಲು ಮಾತ್ರ ಏನೂ ತೊಂದರೆ ಇಲ್ಲ. ಹಠ ಹಿಡಿಯಿತು ಅಂತ ಹ್ಯಾಪಿಯನ್ನು 2ಕ್ಕೆ ಇಳಿಸಬೇಡಿ. ಎಲ್ಲ ಪಾಲೂ ಆಗ ಎದ್ದಿರುವ ಎರಡೇ ಮೆಷಿನ್‌ನಲ್ಲಿ ಉಳಿದು, ಹಂಚಿದ್ದೂ ಒಂದೇ, ಬಿಟ್ಟಿದ್ದೂ ಒಂದೇ ಆಗಬಹುದು. ಎರಡು ದಿನ ಕಾಯಿರಿ.

ಆಸೆಟ್ ತೆಗೆದು ಇಡುವುದು

ಓಪನ್‌ಸಿಮ್ ಕನ್ಸೋಲ್‌ನಲ್ಲಿ "ಸೇವ್ ಓಎಆರ್" ಕೊಟ್ಟರೆ ಇಡೀ ರೀಜನ್ (ನೀವು ಕಟ್ಟಿದ ಜಾಗ) ಒಂದು ಫೈಲಾಗಿ ಬರುತ್ತದೆ. ನಿಮ್ಮ ಇನ್ವೆಂಟರಿಗೆ (ನಿಮ್ಮ ಚೀಲದಲ್ಲಿರುವ ಸಾಮಾನಿಗೆ) "ಸೇವ್ ಐಎಆರ್". ಬೇರೆಯವರು ಮಾಡಿ ಕೊಟ್ಟ ಸಾಮಾನು ಇದ್ದರೆ ಅವರನ್ನು ಕೇಳಿಯೇ ತೆಗೆಯಿರಿ.

ಹೆಚ್ಚಿನವರು ಈ ಓಎಆರ್ ಫೈಲನ್ನು ಹಾಗೇ ಮೇಲೆ ಹಾಕುತ್ತಾರೆ. ಬೇಡ. ಅದು ಒಳಗೆ ಟಾರ್-ಜಿಜಿಪ್ (tar.gz) ಗಂಟು, ಹಲವು ಫೈಲು ಒಟ್ಟಿಗೆ ಕಟ್ಟಿ ಕುಗ್ಗಿಸಿದ್ದು. ಒಂದು ಕಿಟಕಿ ಬದಲಾಯಿಸಿದರೂ ಗಂಟು ಪೂರ್ತಿ ಬೇರೆಯಾಗುತ್ತದೆ, ಮತ್ತೆ ಅಷ್ಟೂ ಜಿಬಿ ಕಳಿಸಬೇಕು. ಅದರ ಬದಲು ಗಂಟು ಬಿಚ್ಚಿ ಒಂದು ಫೋಲ್ಡರ್‌ಗೆ ಹಾಕಿ. ಒಳಗೆ ಆಸೆಟ್ಸ್, ಆಬ್ಜೆಕ್ಟ್ಸ್, ಟೆರೇನ್ಸ್ ಅಂತ ಫೋಲ್ಡರ್‌ಗಳು ಕಾಣುತ್ತವೆ. ಆಸೆಟ್ಸ್ ತೆಗೆದು ನೋಡಿ. ನಮ್ಮ ಮಂಗಳೂರು ಹೆಂಚಿನ ಚಿತ್ರ ಅಲ್ಲಿ ಒಂದೇ ಒಂದು ಜೆಪೆಗ್ 2000 ಫೈಲು. ಹೆಸರು ಉದ್ದನೆಯ ಯುಯುಐಡಿ, ಅಂದರೆ ಆ ಒಂದು ಸಾಮಾನಿಗೆ ಮಾತ್ರ ಇರುವ ಗುರುತು. ಮನೆ, ಕೊಟ್ಟಿಗೆ, ಪಲ್ಪರ್ ಶೆಡ್ಡು, ಮೂರರ ಮಾಡಿಗೂ ಅದೇ. ಹೆಂಚಿಗೆ ಪಾಚಿ ಹಿಡಿಸಿ ಮತ್ತೆ ಅಪ್‌ಲೋಡ್ ಮಾಡಿದರೆ ಹಳೇ ಫೈಲು ಬದಲಾಗುವುದಿಲ್ಲ, ಹೊಸ ಯುಯುಐಡಿಯಲ್ಲಿ ಹೊಸ ಫೈಲು ಹುಟ್ಟುತ್ತದೆ. ತಾಹೋಗೆ ಇದು ಹೇಳಿ ಮಾಡಿಸಿದ ಜೋಡಿ. ಅದೇ ಕ್ಲೈಂಟ್‌ನಿಂದ ಅದೇ ಫೈಲು ಮತ್ತೆ ಬಂದರೆ, ಪಾಲುಗಳು ಆಗಲೇ ಅಲ್ಲಿವೆ ಅಂತ ಅದು ಗುರುತು ಹಿಡಿದು ಸುಮ್ನೆ ಮುಂದೆ ಹೋಗುತ್ತದೆ.

"ತಾಹೋ ಕ್ರಿಯೇಟ್-ಏಲಿಯಸ್ ಮಲ್ನಾಡ್" ಅಂತ ಒಂದು ಹೆಸರು ಮಾಡಿಕೊಂಡು, "ತಾಹೋ ಬ್ಯಾಕಪ್" ಜೊತೆ ಫೋಲ್ಡರ್ ಹೆಸರು, ಆಮೇಲೆ "ಮಲ್ನಾಡ್:ತೊಟ್ಟಿಮನೆ" ಕೊಡಿ. ಪ್ರತಿ ಸಲ ತಾರೀಖಿನ ಹೆಸರಲ್ಲಿ ಒಂದು ಪ್ರತಿ "ಆರ್ಕೈವ್ಸ್" ಕೆಳಗೆ ಸೇರುತ್ತದೆ. ಹೊಸದು "ಲೇಟೆಸ್ಟ್" ಅಂತ ಇರುತ್ತದೆ. ಈ ಎರಡು ಹೆಸರಿನ ಮೊದಲ ಅಕ್ಷರ ಮಾತ್ರ ಇಂಗ್ಲಿಷ್ ದೊಡ್ಡಕ್ಷರ. ಮೊದಲ ಸಲ ತುಂಬಾ ಹೊತ್ತು ಹಿಡಿಯುತ್ತದೆ, ಸಣ್ಣ ಫೈಲು ಜಾಸ್ತಿ ಇದ್ದಷ್ಟೂ ನಿಧಾನ. ರಾತ್ರಿ ಹಾಕಿ ಮಲಗಿ.

ಕೀಲಿ

ಯೂಸರ್‌ನೇಮ್, ಪಾಸ್‌ವರ್ಡ್ ಏನೂ ಇಲ್ಲ. ಪ್ರತಿ ಫೋಲ್ಡರ್‌ಗೂ ಒಂದು ಉದ್ದನೆಯ ಅಕ್ಷರಮಾಲೆ ಇರುತ್ತದೆ. ಅದೇ ವಿಳಾಸ, ಅದೇ ಕೀಲಿ. ಕಳೆದರೆ ಮುಗಿಯಿತು. ಯಾರಿಗೂ ಫೋನ್ ಮಾಡಿ ಕೇಳುವ ಹಾಗಿಲ್ಲ, ಐದು ಡಿಸ್ಕ್ ತುಂಬಾ ಪಾಲು ಇದ್ದರೂ ಅವು ಬರೀ ಕಸ. ನಿಮ್ಮ ಕೀಲಿ ಕ್ಲೈಂಟ್‌ನ "ಪ್ರೈವೇಟ್" ಫೋಲ್ಡರ್ ಒಳಗೆ "ಏಲಿಯಸಸ್" ಎಂಬ ಫೈಲಿನಲ್ಲಿ ಇರುತ್ತದೆ. ಲ್ಯಾಪ್‌ಟಾಪ್ ಹೋದರೆ ಅದೂ ಹೋಗುತ್ತದೆ. ಆದ್ದರಿಂದ ಕಾಗದದ ಮೇಲೆ ಇಳಿಸಿ.

ಲೇಸರ್ ಪ್ರಿಂಟ್ ತೆಗೆಯಿರಿ. ಬಿಲ್ಲಿನ ಥರ್ಮಲ್ ಕಾಗದ ಮಾಸಿಹೋಗುತ್ತದೆ. ನಮ್ಮ ಕಡೆ ತೇವಕ್ಕೆ ಕಾಗದವೂ ಬೂಸ್ಟು ಹಿಡಿಯುತ್ತದೆ, ಲ್ಯಾಮಿನೇಟ್ ಮಾಡಿಸಿ. ಪಕ್ಕದಲ್ಲಿ ಅದೇ ಕೀಲಿಯ ಕ್ಯೂಆರ್ ಇರಲಿ. ಕೈಯಲ್ಲಿ ಟೈಪ್ ಮಾಡಬೇಕಾಗಿ ಬಂದರೆ ಒಂದು ವಿಷಯ ಗೊತ್ತಿರಲಿ: ಫೋಲ್ಡರ್ ಕೀಲಿಯ ಉದ್ದನೆಯ ಎರಡು ಭಾಗಗಳಲ್ಲಿ ಇಂಗ್ಲಿಷ್ ಸಣ್ಣಕ್ಷರ ಮತ್ತು 2ರಿಂದ 7ರವರೆಗಿನ ಅಂಕಿ ಮಾತ್ರ ಬರುತ್ತವೆ. ಸೊನ್ನೆಯೂ ಇಲ್ಲ, ಒಂದೂ ಇಲ್ಲ. ಸೊನ್ನೆ ಥರ ಕಂಡದ್ದು "ಓ", ಒಂದರ ಥರ ಕಂಡದ್ದು "ಎಲ್" ಅಥವಾ "ಐ". ನನ್ನ ಪ್ರತಿ ಮನೆಯ ಪಹಣಿ, ಪತ್ರಗಳ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಇನ್ನೊಂದು ಕಡೂರಿನಲ್ಲಿದೆ.

ಗುಂಪಿನ ಬೇರೆಯವರಿಗೆ ಈ ಕೀಲಿ ಕೊಡಬೇಡಿ. ಇದರಿಂದಲೇ ಓದಲು ಮಾತ್ರ ಬರುವ ಇನ್ನೊಂದು ಕೀಲಿ ಹುಟ್ಟುತ್ತದೆ. ಕ್ಲೈಂಟ್ ಓಡುತ್ತಿರುವಾಗ ಬ್ರೌಸರ್‌ನಲ್ಲಿ 127.0.0.1:3456 ತೆಗೆದು ಫೋಲ್ಡರ್‌ನ ಮಾಹಿತಿ ಪುಟಕ್ಕೆ ಹೋದರೆ ಅದು ಸಿಗುತ್ತದೆ. ಅದನ್ನು ಕೊಟ್ಟರೆ ಅವರು ಇಳಿಸಿಕೊಳ್ಳಬಹುದು, ಅಳಿಸಲಾರರು. ಒಮ್ಮೆ ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳಲು ಬರುವುದಿಲ್ಲ, ಯೋಚಿಸಿ ಕೊಡಿ. ವಾಟ್ಸಾಪ್ ಗುಂಪಿಗಂತೂ ಹಾಕಲೇಬೇಡಿ.

ವಾಪಸ್ ತರುವುದು, ರಿಪೇರಿ

"ತಾಹೋ ಸಿಪಿ -ಆರ್" ಕೊಟ್ಟು "ಲೇಟೆಸ್ಟ್" ಅನ್ನು ಒಂದು ಖಾಲಿ ಫೋಲ್ಡರ್‌ಗೆ ಇಳಿಸಿ. ಮತ್ತೆ ಟಾರ್-ಜಿಜಿಪ್ ಗಂಟು ಕಟ್ಟುವಾಗ "ಆರ್ಕೈವ್.ಎಕ್ಸ್‌ಎಂಎಲ್" ಫೈಲನ್ನು ಎಲ್ಲಕ್ಕಿಂತ ಮೊದಲು ಸೇರಿಸಿ. ಆಮೇಲೆ ಖಾಲಿ ರೀಜನ್ ಒಂದರಲ್ಲಿ "ಲೋಡ್ ಓಎಆರ್". ಇದನ್ನು ಆಪತ್ತು ಬರುವ ಮುಂಚೆಯೇ ಒಮ್ಮೆ ಮಾಡಿ ನೋಡಿ. ಮಾಡುವಾಗ ಬೇಕಂತಲೇ ಮೂರು ಮೆಷಿನ್ ಆರಿಸಿ, ಉಳಿದ ಎರಡರಿಂದ ಬರುತ್ತದಾ ಅಂತ ಪರೀಕ್ಷಿಸಿ.

ಮೇ ತಿಂಗಳಲ್ಲಿ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ "ತಾಹೋ ಡೀಪ್-ಚೆಕ್ --ರಿಪೇರ್ ಮಲ್ನಾಡ್:" ಓಡಿಸಿ. ಯಾವ ಪಾಲು ಎಲ್ಲಿ ಕಾಣೆಯಾಗಿದೆ ಅಂತ ಹುಡುಕಿ, ಉಳಿದವುಗಳಿಂದ ಹೊಸದಾಗಿ ಮಾಡಿ ಇಡುತ್ತದೆ. ಒಬ್ಬರ ಡಿಸ್ಕ್ ಸತ್ತರೆ ಹೊಸ ಡಿಸ್ಕ್ ಹಾಕಿ, ಹೊಸ ನೋಡ್ ಮಾಡಿ, ಫರ್ಲ್ ಕೊಟ್ಟು ಸೇರಿಸಿ, ಇದೇ ಕಮಾಂಡ್ ಮತ್ತೆ ಓಡಿಸಿದರೆ ಆಯಿತು. ಆದರೆ ಎರಡನೇ ಡಿಸ್ಕ್ ಸಾಯುವವರೆಗೆ ಕಾಯಬೇಡಿ.