ಎನ್‌ಎಫ್‌1 ಇರುವವರಲ್ಲಿ ಅಡ್ರಿನಲ್ ಗಡ್ಡೆ: ನಾವು ಹುಡುಕುವ, ಸಿದ್ಧಪಡಿಸುವ ಬಗೆ

ಕಾಫಿ ಬಣ್ಣದ ಮಚ್ಚೆ, ಕಂಕುಳಲ್ಲಿ ಸಣ್ಣ ಚುಕ್ಕೆ, ಮೈಮೇಲೆ ಮೆತ್ತನೆಯ ಗಂಟುಗಳಿರುವ ನ್ಯೂರೋಫೈಬ್ರೊಮಟೋಸಿಸ್ ಒಂದನೇ ಬಗೆ (ಎನ್‌ಎಫ್‌1) ಎಂಬ ವಂಶವಾಹಿ ಕಾಯಿಲೆಯ ರೋಗಿಗೆ ಪೂರ್ಣ ಅರಿವಳಿಕೆ ಕೊಡಬೇಕಾಗಿ ಬಂದರೆ, ನಾವು ಮೊದಲು ಮೆಟನೆಫ್ರಿನ್ (ಅಡ್ರಿನಲಿನ್ ಒಡೆದು ಉಂಟಾಗುವ ವಸ್ತು) ಪರೀಕ್ಷೆ ಮಾಡಿಸುತ್ತೇವೆ. ಗರ್ಭ ಧರಿಸುವ ಯೋಚನೆ ಇರುವವರಿಗೂ ಅಷ್ಟೆ. ಫಿಯೋಕ್ರೊಮೊಸೈಟೋಮಾ, ಅಂದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆದು ಬಿಪಿ ಏರಿಸುವ ಹಾರ್ಮೋನು ಸುರಿಸುವ ಗಡ್ಡೆ, ಇವರಲ್ಲಿ ಕೆಲವರಿಗಷ್ಟೇ ಬರುತ್ತದೆ, ನಿಜ. ಆದರೆ ಗೊತ್ತಿಲ್ಲದೆ ಆಪರೇಷನ್‌ಗೆ ಇಳಿದರೆ ಬಿಪಿ ನಿಮಿಷಗಳಲ್ಲೇ ಜೀವಕ್ಕೆ ಅಪಾಯವಾಗುವಷ್ಟು ಏರಬಹುದು. ತಲೆನೋವು, ಬೆವರು, ಎದೆಬಡಿತ ಮೂರೂ ಕಾಣಿಸಲಿ ಎಂದು ಕಾಯಬಾರದು. ಎನ್‌ಎಫ್‌1ರಲ್ಲಿ ಬಿಪಿ ಸಹಜವಾಗಿದ್ದು, ಯಾವ ತೊಂದರೆಯೂ ಇಲ್ಲದವರಲ್ಲೂ ಗಡ್ಡೆ ಸಿಗುತ್ತದೆ.

ಪರೀಕ್ಷೆ ಕೆಡುವುದು ಹೆಚ್ಚಾಗಿ ರಕ್ತ ತೆಗೆಯುವ ಹೊತ್ತಿನಲ್ಲಿ. ಮೊದಲೇ ರಕ್ತನಾಳಕ್ಕೆ ಕ್ಯಾನುಲಾ (ಸಣ್ಣ ಕೊಳವೆ) ಹಾಕಿ, ರೋಗಿಯನ್ನು 20ರಿಂದ 30 ನಿಮಿಷ ಮಲಗಿಸಿ, ಮಲಗಿದ್ದಂತೆಯೇ ತೆಗೆಯುತ್ತೇವೆ. ಕೂತಾಗ ತೆಗೆದರೆ ನಾರ್‌ಅಡ್ರಿನಲಿನ್‌ನಿಂದ ಉಂಟಾಗುವ ನಾರ್‌ಮೆಟನೆಫ್ರಿನ್ ಸುಮ್ಮನೆ ಏರುತ್ತದೆ. ಸೌಲಭ್ಯವಿಲ್ಲದ ಕಡೆ 24 ಗಂಟೆಯ ಮೂತ್ರವೂ ನಡೆಯುತ್ತದೆ. ಸಂಗ್ರಹ ಪೂರ್ತಿಯಾಗಿದೆಯೇ ಎಂದು ತಿಳಿಯಲು ಅದರಲ್ಲೇ ಕ್ರಿಯಾಟಿನಿನ್ ನೋಡಬೇಕು. ಫಲಿತಾಂಶ ಕೆಡಿಸಬಲ್ಲ ಅಮಿಟ್ರಿಪ್ಟಿಲಿನ್, ವೆನ್ಲಾಫಾಕ್ಸಿನ್ (ಖಿನ್ನತೆಯ ಔಷಧಗಳು), ಮೂಗು ಕಟ್ಟಿದ್ದಕ್ಕೆ ನುಂಗುವ ಮಾತ್ರೆಗಳ ಬಗ್ಗೆ ಕೇಳಲೇಬೇಕು. ನರನೋವಿಗೆಂದು ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುವವರು ಈ ರೋಗಿಗಳಲ್ಲಿ ಇದ್ದೇ ಇರುತ್ತಾರೆ. ಎನ್‌ಎಫ್‌1ರ ಗಡ್ಡೆ ಸಾಮಾನ್ಯವಾಗಿ ಅಡ್ರಿನಲಿನ್ ತಯಾರಿಸುವುದರಿಂದ ಮೆಟನೆಫ್ರಿನ್ ಏರಿರುತ್ತದೆ. ನಾರ್‌ಮೆಟನೆಫ್ರಿನ್ ಮಾತ್ರ ತುಸು ಹೆಚ್ಚಿದ್ದರೆ ಮೊದಲ ಅನುಮಾನ ಔಷಧದ ಮೇಲೆ, ಮಲಗಿಸಿದ ರೀತಿಯ ಮೇಲೆ. ಮೇಲಿನ ಮಿತಿಯ ಮೂರು ಪಟ್ಟು ದಾಟಿದರೆ ಗಡ್ಡೆಯೇ ಎಂಬುದರಲ್ಲಿ ಅನುಮಾನಕ್ಕೆ ಎಡೆ ಕಡಿಮೆ.

ಆಮೇಲೆ ಸಿಟಿ ಅಥವಾ ಎಂಆರ್‌ಐ. ಎರಡೂ ಬದಿಯ ಅಡ್ರಿನಲ್ ನೋಡಬೇಕು. ಸೂಜಿ ಬಯಾಪ್ಸಿ ಖಂಡಿತ ಬೇಡ. ಮಕ್ಕಳಲ್ಲಿ, ಹರೆಯದವರಲ್ಲಿ ಬಿಪಿ ಹೆಚ್ಚಿದ್ದರೆ ಮೂತ್ರಪಿಂಡದ ರಕ್ತನಾಳ ಕಿರಿದಾಗಿದೆಯೇ ಎಂದೂ ನೋಡುತ್ತೇವೆ. ಆ ವಯಸ್ಸಿನಲ್ಲಿ ಗಡ್ಡೆಗಿಂತ ಅದೇ ಹೆಚ್ಚು.

ಗಡ್ಡೆ ತೆಗೆಯುವ ಆಪರೇಷನ್ನಿನ ಸಿದ್ಧತೆಗೆ ಕನಿಷ್ಠ 7ರಿಂದ 14 ದಿನ ಬೇಕು, ಇದರಲ್ಲಿ ಅವಸರ ಮಾಡುವಂತಿಲ್ಲ. ರಾತ್ರಿ ಆಲ್ಫಾ ಔಷಧವಾದ (ರಕ್ತನಾಳ ಹಿಂಡುವುದನ್ನು ತಡೆಯುವ) ಡೋಕ್ಸಾಜೋಸಿನ್ 1 ಮಿ.ಗ್ರಾಂನಿಂದ ಶುರುಮಾಡಿ, ಎರಡು ಮೂರು ದಿನಕ್ಕೊಮ್ಮೆ ಏರಿಸುತ್ತೇವೆ. ಪ್ರತಿದಿನ ಕೂತಾಗ, ನಿಂತಾಗ ಎರಡೂ ಬಿಪಿ ಬರೆಯಬೇಕು: ಕೂತಾಗ 130/80ರ ಒಳಗೆ, ನಿಂತಾಗ ಮೇಲಿನ ಅಂಕಿ 90ಕ್ಕಿಂತ ಕಡಿಮೆಯಾಗದಂತೆ. ಮೂಗು ಕಟ್ಟತೊಡಗಿತೆಂದರೆ ಔಷಧ ಹಿಡಿಯುತ್ತಿದೆ ಎಂದರ್ಥ. ರೋಗಿಗೆ ಇದನ್ನು ಮೊದಲೇ ಹೇಳಿಡಬೇಕು, ಇಲ್ಲವಾದರೆ ಅವರೇ ನೆಗಡಿ ಮಾತ್ರೆ ನುಂಗಿಬಿಡುತ್ತಾರೆ. ಹೃದಯ, ಮೂತ್ರಪಿಂಡ ಸರಿಯಿದ್ದವರಿಗೆ ಉಪ್ಪು, ನೀರು ಧಾರಾಳವಾಗಿ ಕೊಡುತ್ತೇವೆ, ಏಕೆಂದರೆ ಕುಗ್ಗಿದ್ದ ರಕ್ತನಾಳಗಳು ಹಿಗ್ಗುವಾಗ ಅವುಗಳನ್ನು ತುಂಬಲು ದ್ರವ ಬೇಕು.

ಎದೆಬಡಿತ ಜೋರಿದ್ದರೆ ಬೀಟಾ ಬ್ಲಾಕರ್ ಕೊಡಬಹುದು, ಆದರೆ ಆಲ್ಫಾ ಔಷಧ ಶುರುವಾಗಿ ಮೂರು ನಾಲ್ಕು ದಿನ ಕಳೆದ ಮೇಲೆ ಮಾತ್ರ. ಬೀಟಾ ಮೊದಲು ಹೋದರೆ ರಕ್ತನಾಳ ಹಿಗ್ಗಿಸುವ ದಾರಿ ಮುಚ್ಚಿ, ಹಿಂಡುವ ಆಲ್ಫಾ ಪ್ರಭಾವವಷ್ಟೇ ಉಳಿಯುತ್ತದೆ, ಬಿಪಿ ಗಗನಕ್ಕೇರುತ್ತದೆ. ಲ್ಯಾಬೆಟಲಾಲ್‌ನಲ್ಲಿ ಆಲ್ಫಾ, ಬೀಟಾ ಎರಡೂ ಗುಣ ಇದೆಯಲ್ಲ ಎಂದು ಅದರಿಂದ ಶುರುಮಾಡುವವರಿದ್ದಾರೆ. ಅದರಲ್ಲಿ ಬೀಟಾ ಪಾಲೇ ದೊಡ್ಡದು, ಬೇಡ. ವಾಂತಿಗೆ ಮೆಟೊಕ್ಲೊಪ್ರಮೈಡ್ ಕೊಡಬಾರದೆಂದು ಕೇಸ್ ಶೀಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡುತ್ತೇವೆ.

ಎನ್‌ಎಫ್‌1ರಲ್ಲಿ ಬೆನ್ನುಹುರಿಯ ಬಳಿ ಗಂಟುಗಳಿರಬಹುದಾದ್ದರಿಂದ ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆಯಾದ ಎಪಿಡ್ಯೂರಲ್‌ಗೆ ಮುನ್ನ ಬೆನ್ನಿನ ಎಂಆರ್‌ಐ ನೋಡಿಕೊಳ್ಳುವುದು ಒಳ್ಳೆಯದು. ಆಪರೇಷನ್ನಿನಲ್ಲಿ ಗಡ್ಡೆಯ ಸಿರೆಯನ್ನು ಬಿಗಿದು ಮುಚ್ಚಿದೊಡನೆ ಬಿಪಿ ಕುಸಿಯುತ್ತದೆ. ದ್ರವವೂ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಪಂಪೂ ಅದಕ್ಕೆ ಮೊದಲೇ ಸಿದ್ಧವಿರಬೇಕು. ಅಡಗಿದ್ದ ಇನ್ಸುಲಿನ್ ಒಮ್ಮೆಲೇ ಬಿಡುಗಡೆಯಾಗುವುದರಿಂದ ಮೊದಲ ಒಂದೆರಡು ದಿನ ಸಕ್ಕರೆಯನ್ನು ಮತ್ತೆಮತ್ತೆ ನೋಡುತ್ತೇವೆ.

ಎರಡೂ ಬದಿ ಗಡ್ಡೆಯಿದ್ದರೆ ಗ್ರಂಥಿಯ ಹೊರಪದರ ಸ್ವಲ್ಪವಾದರೂ ಉಳಿಸಲು ಸರ್ಜನ್ ಪ್ರಯತ್ನಿಸುತ್ತಾರೆ. ಪೂರ್ತಿ ಹೋದವರಿಗೆ ಆ ಪದರದ ಹಾರ್ಮೋನಿನ ಬದಲಿಗೆ ಹೈಡ್ರೊಕಾರ್ಟಿಸೋನ್ ಜೀವನಪರ್ಯಂತ, ಜ್ವರ ಬಂದಾಗ ಅದರ ಪ್ರಮಾಣ ಹೆಚ್ಚಿಸಬೇಕು. ಆಪರೇಷನ್ ಆದ ಎರಡರಿಂದ ಆರು ವಾರದಲ್ಲಿ ಮೆಟನೆಫ್ರಿನ್ ಮತ್ತೆ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ. ಒಂದು ಬದಿ ತೆಗೆದು ವರ್ಷಗಳಾದ ಮೇಲೂ ಇನ್ನೊಂದು ಬದಿಯಲ್ಲಿ ಗಡ್ಡೆ ಬೆಳೆಯಬಹುದು.